ಅಕ್ಕ ಮೇಜು ಗುದ್ದದ ಏಳು ವಾರ

ನನ್ನ ಅಕ್ಕ ಮೂರು ವರ್ಷಗಳಲ್ಲಿ ಮೂರು ಟ್ಯಾಬ್ ಒಡೆದಳು. ಮೂರನ್ನೂ ಒಡೆದದ್ದು ಮಾತಾಡುವಾಗಲೇ.

ಅಕ್ಕನಿಗೆ ಕಿವಿ ಕೇಳುವುದಿಲ್ಲ. ಎರಡು ವರ್ಷದವಳಿದ್ದಾಗ ಬಂದ ಜ್ವರ ಹೋಗುವಾಗ ಕಿವಿಯನ್ನೂ ಜೊತೆಗೆ ತೆಗೆದುಕೊಂಡು ಹೋಯಿತು. ಆಗ ನಾನು ಹುಟ್ಟಿರಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಆದ ಅನಾಹುತಗಳಲ್ಲಿ ಇದೊಂದಕ್ಕೆ ಮಾತ್ರ ನಾನು ಕಾರಣನಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಉಳಿದವುಗಳ ಬಗ್ಗೆ ಅಷ್ಟು ಖಾತ್ರಿಯಿಲ್ಲ. ಆಗಾಗ ಎದ್ದು ಕೂತು ಯೋಚಿಸುತ್ತೇನೆ.

ಅವಳನ್ನು ಶಾಲೆಗೆ ಸೇರಿಸಿದ್ದರು. ಒಂದು ತಿಂಗಳು ಅತ್ತಳು, ಅಮ್ಮ ಬಿಡಿಸಿ ಕರೆದುಕೊಂಡು ಬಂದಳು. ಓದು ಬರಹ ಬರಲಿಲ್ಲ. ಸಹಿ ಹಾಕುತ್ತಾಳೆ, ಅಷ್ಟೆ. ಕಿವಿ ಕೇಳದವರು ಎಲ್ಲೆಡೆ ಬಳಸುವ ಕೈಭಾಷೆಯೂ ಅವಳಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಿರುವುದು ಚೆಂಬೂರಿನ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಅಮ್ಮ, ಅವಳು ಮತ್ತು ಆಮೇಲೆ ಹುಟ್ಟಿದ ನಾನು ಸೇರಿ ದಿನದಿನಕ್ಕೆ ಕಟ್ಟಿಕೊಂಡ ಭಾಷೆ. ಅದು ತುಳುವೂ ಅಲ್ಲ, ಕನ್ನಡವೂ ಅಲ್ಲ. ಅದರಲ್ಲಿ ನನ್ನ ಹೆಸರು ಮುಂಗೈಯಿಂದ ಮೂಗು ಒರೆಸಿಕೊಳ್ಳುವುದು. ಚಿಕ್ಕಂದಿನಲ್ಲಿ ನನ್ನ ಮೂಗು ಸದಾ ಸೋರುತ್ತಿತ್ತಂತೆ. ವಯಸ್ಸು ಐವತ್ತೆರಡಾಯಿತು, ಮಲಾಡಿನ ಆಫೀಸಿನಲ್ಲಿ ಹನ್ನೊಂದು ಜನ ನನ್ನನ್ನು ಸರ್ ಎನ್ನುತ್ತಾರೆ; ಅಕ್ಕನಿಗೆ ನಾನು ಇಂದಿಗೂ ಸೋರುವ ಮೂಗು. ನನ್ನ ಹೆಂಡತಿಯ ಹೆಸರು ಕನ್ನಡಕ. ಭಾವನದು ಮೀಸೆ. ಅಕ್ಕನ ಓರಗಿತ್ತಿಯದು ಸೊಂಟದ ಮೇಲಿಟ್ಟ ಕೈ. ಆಕೆಯ ಎದುರಿಗೆ ನಾವು ಆ ಹೆಸರನ್ನು ಬಳಸುವುದಿಲ್ಲ.

ಅಮ್ಮ ಹೋದಳು. ಮದುವೆಯಾದ ಮೇಲೆ ಕಷ್ಟಪಟ್ಟು ಈ ಭಾಷೆ ಕಲಿತು, ಕೊನೆಗೆ ನನಗಿಂತ ಚೆನ್ನಾಗಿ ಆಡುತ್ತಿದ್ದ ಭಾವನೂ ಮೂರು ವರ್ಷದ ಹಿಂದೆ ಹೋದರು. ಅವರಿಗೆ ಮಕ್ಕಳಿಲ್ಲ. ಅಕ್ಕ ಈಗ ಚೆಂಬೂರಿನಲ್ಲೇ ಭಾವನ ತಮ್ಮನ ಮನೆಯಲ್ಲಿದ್ದಾಳೆ. ಅಲ್ಲಿ ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಸುಳ್ಳು ಹೇಳಬಾರದು. ಆದರೆ ಓರಗಿತ್ತಿಗೆ ಬರುವುದು ಹತ್ತು ಮಾತು: ಊಟ, ಸ್ನಾನ, ಗ್ಯಾಸು, ಹಾಲು, ಬಾಗಿಲು, ಹೀಗೆ. ನನ್ನ ಹೆಂಡತಿಗೆ ಅಡುಗೆಮನೆಯ ಮಟ್ಟಿಗೆ ಬರುತ್ತದೆ. ಪೂರ್ತಿ ಬಲ್ಲವರು ಜಗತ್ತಿನಲ್ಲಿ ಈಗ ಇಬ್ಬರೇ. ಅವರಲ್ಲೊಬ್ಬ ಕಾಂದಿವಲಿಯಲ್ಲಿದ್ದಾನೆ. ಕಾಂದಿವಲಿಯಿಂದ ಚೆಂಬೂರಿಗೆ ಹೋಗಲು ದಾದರಿನಲ್ಲಿ ಒಮ್ಮೆ, ಕುರ್ಲಾದಲ್ಲಿ ಒಮ್ಮೆ ಗಾಡಿ ಬದಲಿಸಬೇಕು. ಆರು ದಿನ ಆಫೀಸಿನ ಲೋಕಲಿನಲ್ಲಿ ನೇತಾಡಿದವನು ಏಳನೆಯ ದಿನ ಮತ್ತೆ ನೇತಾಡಲು ಬೇಕಾದ ಭ್ರಾತೃಪ್ರೇಮ ನನ್ನಲ್ಲಿ ತಿಂಗಳಿಗೊಮ್ಮೆ ಮಾತ್ರ ಉಕ್ಕುತ್ತದೆ.

ಉಳಿದ ದಿನ ಸಂಜೆ ಏಳೂವರೆಗೆ ವಿಡಿಯೋ ಕಾಲ್. ಅದಕ್ಕೆ ಫೋನು ಸಾಲದು. ನಮ್ಮ ಮಾತಿಗೆ ಸೊಂಟದಿಂದ ತಲೆಯವರೆಗೆ ಇಡೀ ಮನುಷ್ಯ ಕಾಣಬೇಕು, ಎರಡೂ ಕೈ ಬಿಡುವಾಗಿರಬೇಕು. ಅದಕ್ಕೇ ಟ್ಯಾಬ್. ಅಡುಗೆಮನೆಯ ಮೇಜಿನ ಮೇಲೆ ಅವಲಕ್ಕಿ ಡಬ್ಬಿಗೆ ಒರಗಿಸಿ ಇಟ್ಟರೆ ಅಕ್ಕ ತರಕಾರಿ ಬದಿಗಿಟ್ಟು ಮಾತಿಗೆ ಕೂರುತ್ತಾಳೆ.

ತೊಂದರೆ ಇರುವುದು ಮೇಜಿನಲ್ಲಿ. ಒಬ್ಬರ ಗಮನ ಸೆಳೆಯಬೇಕಾದರೆ ನಾವು ಕೂಗುತ್ತೇವೆ, ಅಕ್ಕ ಗುದ್ದುತ್ತಾಳೆ. ಮೇಜು, ನೆಲ, ಮಂಚ, ಯಾವುದಾದರೂ ಸರಿ. ಅದುರು ತಲುಪಿದವರು ತಿರುಗಿ ನೋಡುತ್ತಾರೆ. ಬರಬರುತ್ತಾ ಗುದ್ದು ಅವಳ ಮಾತಿನ ಅಂಗವೇ ಆಗಿಬಿಟ್ಟಿದೆ. ಸಿಟ್ಟು ಬಂದರೆ ಒಂದು, ಆಶ್ಚರ್ಯಕ್ಕೆ ಒಂದು, ‘ನಾನು ಆಗಲೇ ಹೇಳಲಿಲ್ಲವಾ’ ಎನ್ನುವುದಕ್ಕೆ ಎರಡು. ಮೊದಲ ಟ್ಯಾಬ್ ಬಿದ್ದದ್ದು ಡಾಕ್ಟರು ಮೀನಿಗೆ ಉಪ್ಪು ಕಮ್ಮಿ ಮಾಡಲು ಹೇಳಿದ್ದಾರೆ ಎಂದು ನಾನು ಹೇಳಿದಾಗ. ಎರಡನೆಯದು, ಕೆಲಸ ಬಿಡಬೇಕೆನಿಸುತ್ತಿದೆ ಎಂದಾಗ. ಮೂರನೆಯದಕ್ಕೆ ಸಿಟ್ಟು ಕಾರಣವಲ್ಲ. ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ತಾನೇ ಬರೆದು ಅಂಟಿಸಿದ ‘ಲಿಫ್ಟ್ ಹಾಳಾಗಿದೆ’ ಬೋರ್ಡನ್ನು ನೋಡದೆ ಲಿಫ್ಟಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಸಿಕ್ಕಿಬಿದ್ದ ಕಥೆ ಹೇಳಿದೆ. ಅಕ್ಕ ನಕ್ಕು ನಕ್ಕು ಗುದ್ದಿದಳು. ಟ್ಯಾಬ್ ಮುಗ್ಗರಿಸಿ ಪಕ್ಕದಲ್ಲಿದ್ದ ಸಾರಿನ ಪಾತ್ರೆಗೆ ಹೋಯಿತು. ನನಗೆ ಕೊನೆಯದಾಗಿ ಕಂಡದ್ದು ಒಂದು ಕರಿಬೇವಿನ ಎಲೆ.

ಆವತ್ತೇ ನಿರ್ಧರಿಸಿದೆ: ಇನ್ನು ತರುವ ಟ್ಯಾಬ್ ಬಿದ್ದರೂ ಒಡೆಯಬಾರದು.

ಎರಡು ವಾರ ಓದಿದೆ. ನಾನು ಯಾವುದನ್ನೂ ಓದದೆ ಕೊಳ್ಳುವವನಲ್ಲ. ಓದಿ, ಹೆದರಿ, ಇನ್ನಷ್ಟು ಓದಿ, ಕೊನೆಗೆ ತಪ್ಪಾದದ್ದನ್ನೇ ಕೊಳ್ಳುವುದು ನನ್ನ ಪದ್ಧತಿ. ಪರದೆಯ ಹೊಳಪನ್ನು ಹೇಗೆ ಅಳೆಯುತ್ತಾರೆ, ಒಂದು ಸೆಕೆಂಡಿಗೆ ಚಿತ್ರ ಎಷ್ಟು ಸಲ ಬದಲಾಗುತ್ತದೆ, ಬದಿಯಿಂದ ನೋಡಿದರೆ ಬಣ್ಣ ಏಕೆ ಮಸುಕಾಗುತ್ತದೆ, ತೆಳು ಗಾಜು ಏಕೆ ಚೆಂದ, ದಪ್ಪ ಗಾಜು ಏಕೆ ಮಂಕು ಎಲ್ಲ ತಿಳಿದುಕೊಂಡೆ. ಒಟ್ಟು ಸಾರಾಂಶ ಇಷ್ಟು: ಚೆನ್ನಾಗಿ ಕಾಣುವುದು ಒಡೆಯುತ್ತದೆ, ಒಡೆಯದಿರುವುದು ಚೆನ್ನಾಗಿ ಕಾಣುವುದಿಲ್ಲ.

“ನನ್ನನ್ನು ನೋಡಲಿಕ್ಕೆ ಬಂದಾಗ ಕಾಲು ಗಂಟೆ ಸಹ ಕೂತಿರಲಿಲ್ಲ ನೀವು,” ಎಂದಳು ಹೆಂಡತಿ. “ಒಂದು ಉಪ್ಪಿಟ್ಟು ತಿಂದು ಹೂಂ ಅಂದ್ರಿ. ಈಗ ಒಂದು ಹಲಗೆಗೆ ಹದಿನೈದು ದಿನ ಜಾತಕ ನೋಡ್ತಿದ್ದೀರಿ ಮಾರಾಯ್ರೆ.”

“ಆಗ ಇಷ್ಟು ಓದುವ ಸೌಕರ್ಯ ಇರಲಿಲ್ಲ.”

“ಇದ್ದಿದ್ರೆ?”

ಚಪ್ಪಲಿ ಹಾಕಿಕೊಂಡು ಹೊರಟೆ.

ಮಲಾಡ್ ಸ್ಟೇಷನ್ನಿನ ಹೊರಗೆ, ತರಕಾರಿ ಗಾಡಿಗಳ ಸಾಲು ದಾಟಿ ಹೋದರೆ ಒಂದು ಗಲ್ಲಿಯಲ್ಲಿ ಫೋನು, ಟ್ಯಾಬ್ ಮಾರುವ, ರಿಪೇರಿ ಮಾಡುವ ಅಂಗಡಿಯಿದೆ. ಅಂಗಡಿಯವರು ವಿಜಯಪುರದ ಕಡೆಯ ಮುಸಲ್ಮಾನರು. ಮನೆಯಲ್ಲಿ ದಖ್ಖನಿ ಉರ್ದು, ನನ್ನಂಥವರು ಸಿಕ್ಕರೆ ಕನ್ನಡ. ಸಾರಿನಲ್ಲಿ ಮುಳುಗಿದ ಮೂರನೆಯ ಟ್ಯಾಬನ್ನು ಬಿಚ್ಚಿ ನೋಡಿ, ಮೂಸಿ, “ಇದಕ್ಕ ಇಂಗು ಜರಾ ಜಾಸ್ತಿ ಆಗೈತ್ರಿ ಸಾಹೇಬ್ರ” ಎಂದು ತೀರ್ಪು ಕೊಟ್ಟವರು ಅವರೇ.

ನಾನು ಒಡೆಯದ ಟ್ಯಾಬ್ ಕೇಳಿದ ಕೂಡಲೇ ಒಳಗಿನಿಂದ ಒಂದನ್ನು ತಂದರು. ಸುತ್ತಲೂ ಬೆರಳು ದಪ್ಪದ ರಬ್ಬರು, ನಾಲ್ಕು ಮೂಲೆಯಲ್ಲಿ ನಾಲ್ಕು ಗುಬುಟು. ಅದನ್ನು ಎತ್ತಿ, ನಾನು ಬೇಡ ಬೇಡ ಎನ್ನುವಷ್ಟರಲ್ಲಿ, ನೆಲಕ್ಕೆ ಬಿಟ್ಟರು. ಅದು ಒಮ್ಮೆ ಪುಟಿದು ಮಲಗಿತು. ನನ್ನ ಎದೆ ಇನ್ನೂ ಎರಡು ಸಲ ಪುಟಿಯಿತು.

“ಗೋಡೌನಿನ್ಯಾಗ, ಫ್ಯಾಕ್ಟರಿಯಾಗ ಇದನ್ನ ಇಟ್ಟಿರ್ತಾರ್ರಿ. ಮ್ಯಾಲಿಂದ ಲಾರಿ ಹೋದ್ರೂ ಏನೂ ಆಗಂಗಿಲ್ಲ. ಆದ್ರ ಒಂದು ಮಾತು ಮೊದಲ ಹೇಳ್ತೀನಿ. ಪಡದಾ ಅಷ್ಟು ಚಲೋ ಇಲ್ಲ. ಲಿಸ್ಟ್ ನೋಡಾಕ ಅಡ್ಡಿಯಿಲ್ಲ. ಓಡಾಡೂ ಚಿತ್ರ ಅಂದ್ರ ಜರಾ ಸುಸ್ತು.” ಪಕ್ಕದಲ್ಲಿ ಇನ್ನೊಂದನ್ನು ಇಟ್ಟರು. ತೆಳ್ಳಗೆ, ಹಪ್ಪಳದ ಹಾಗೆ. ಅದರ ಪರದೆಯಲ್ಲಿ ಒಂದು ಗಿಳಿ ಹಾರುತ್ತಿತ್ತು. ಗರಿ ಗರಿ ಎಣಿಸಬಹುದಿತ್ತು. “ಇದು ನೋಡ್ರಿ, ಹೂವು. ಆದ್ರ ಬಿದ್ರ ಹ್ವಾತು.”

“ಬೀಳುವುದಂತೂ ಖಂಡಿತ,” ಎಂದೆ.

“ಹಂಗಾದ್ರ ಕಾಲ್ ಹಚ್ಚಿ ನೋಡ್ರಿ ಒಮ್ಮೆ. ಮನಿಗೆ ಹಚ್ರಿ.”

ಹಚ್ಚಿದೆ. ರಬ್ಬರಿನ ಟ್ಯಾಬಿನಲ್ಲಿ ಹೆಂಡತಿ ಕಂಡಳು. ಫೋಟೋಕ್ಕೆ ನಿಂತವಳ ಹಾಗೆ ಅಲುಗದೆ ನಿಂತಿದ್ದಳು.

“ಕಾಣ್ತೇನಾ?”

“ಕಾಣ್ತೀರಿ. ಬರುವಾಗ ಒಂದು ತೆಂಗಿನಕಾಯಿ ತನ್ನಿ.”

ಪರೀಕ್ಷೆ ಮುಗಿಯಿತು. ನಾನು ಮಾಡಬೇಕಾಗಿದ್ದುದು ಒಂದೇ ಕೆಲಸ: ಅಕ್ಕನಿಗೇ ಕರೆ ಹಚ್ಚಿ, ಎರಡು ಕೈ ಎತ್ತಿ ನಾಲ್ಕು ಮಾತು ಆಡಿ ನೋಡುವುದು. ಆಡಲಿಲ್ಲ. ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಚಿಕ್ಕಂದಿನಿಂದಲೂ ನನಗೆ ಬೀದಿಯಲ್ಲಿ ಕೈಮಾತು ಆಡಲು ನಾಚಿಕೆ. ಜನ ತಿರುಗಿ ನೋಡುತ್ತಾರೆ, ಮಕ್ಕಳು ಅಣಕಿಸುತ್ತಾರೆ. ಅಕ್ಕನ ಜೊತೆ ಮಾರ್ಕೆಟ್ಟಿಗೆ ಹೋಗುವಾಗ ಕೈಗಳನ್ನು ಚಡ್ಡಿಯ ಜೇಬಿನಲ್ಲಿಟ್ಟುಕೊಂಡು ಹುಬ್ಬಿನಲ್ಲಿ ಉತ್ತರ ಕೊಡುತ್ತಿದ್ದೆ. ಚಡ್ಡಿ ಹೋಗಿ ಪ್ಯಾಂಟು ಬಂತು. ಜೇಬು ಮಾತ್ರ ಅದೇ. ಅಂಗಡಿಯವರು ಯಾರಿಗೆ ಎಂದು ಕೇಳಿದ್ದಕ್ಕೆ “ಅಕ್ಕನಿಗೆ” ಎಂದೆನೇ ಹೊರತು ಹೆಚ್ಚೇನೂ ಹೇಳಲಿಲ್ಲ. ಓಡಾಡುವ ಚಿತ್ರ ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಸಿನಿಮಾ. ಅಕ್ಕ ಸಿನಿಮಾ ನೋಡುವುದಿಲ್ಲ ಎಂದು ನಾನೂ ಸಮಾಧಾನ ಮಾಡಿಕೊಂಡೆ. ರಬ್ಬರಿನದನ್ನು ಕಟ್ಟಿಸಿಕೊಂಡು, ತೆಂಗಿನಕಾಯಿ ಮರೆತು, ಮನೆಗೆ ಬಂದೆ.

ಚೆಂಬೂರಿಗೆ ಒಯ್ದು ಕೊಟ್ಟ ದಿನ ನನ್ನದು ದೊಡ್ಡ ಪ್ರದರ್ಶನ. ಎಲ್ಲರ ಮುಂದೆ ಅದನ್ನು ನೆಲಕ್ಕೆ ಹಾಕಿದೆ, ಮೇಲೆ ನಿಂತೆ. ಓರಗಿತ್ತಿ ಕಿರುಚಿದಳು. ಅಕ್ಕ ಮೆಚ್ಚಿ ತಲೆ ಸವರಿದಳು. ನನ್ನದಲ್ಲ, ಟ್ಯಾಬಿನದು.

ಅದಾದ ಮೇಲೆ ಏಳು ವಾರ ಟ್ಯಾಬ್ ಒಮ್ಮೆಯೂ ಬೀಳಲಿಲ್ಲ. ನಾನು ಹಿಗ್ಗಿದೆ. ಕರೆಗಳೂ ಚಿಕ್ಕವಾಗಿದ್ದವು. ಮೊದಲು ಮುಕ್ಕಾಲು ಗಂಟೆ ಆಗುತ್ತಿದ್ದದ್ದು ಹತ್ತು ನಿಮಿಷ, ಐದು ನಿಮಿಷ, ಆಮೇಲೆ ಎರಡು. ಸುಳ್ಳೇಕೆ, ಒಳಗೊಳಗೇ ಹಗುರವೆನಿಸಿತು. ಆಫೀಸಿನಿಂದ ಬಂದು ಸೋಫಾದ ಮೇಲೆ ಬಿದ್ದವನಿಗೆ ಎದ್ದು ದೀಪದ ಕೆಳಗೆ ಕೂತು ಭುಜ ನೋಯುವವರೆಗೆ ಮಾತಾಡುವುದು ಸುಲಭವಲ್ಲ. ಕೈಮಾತಿನಲ್ಲಿ ಹೂಂಗುಟ್ಟುತ್ತಾ ಕಣ್ಣು ಮುಚ್ಚಲು ಬರುವುದಿಲ್ಲ. ಅಕ್ಕ ಕೇಳುತ್ತಿದ್ದಳು: ಊಟ? ಆಯಿತು. ಆರೋಗ್ಯ? ಪರವಾಗಿಲ್ಲ. ಕನ್ನಡಕ? ಚೆನ್ನಾಗಿದ್ದಾಳೆ. ಸರಿ, ಮಲಗು. ಅಕ್ಕನಿಗೂ ವಯಸ್ಸಾಯಿತು, ಹರಟೆ ಕಮ್ಮಿಯಾಗುತ್ತದೆ ಎಂದುಕೊಂಡೆ. ನಡುವೆ ಬಂದ ತಿಂಗಳ ಭೇಟಿಯನ್ನೂ ಆಫೀಸಿನ ನೆಪ ಹೇಳಿ ತಪ್ಪಿಸಿದೆ. ಸಣ್ಣಪುಟ್ಟದ್ದಕ್ಕೆಲ್ಲ ಕಳವಳ ಪಡುವ ನಾನು ಕಳವಳ ಪಡಬೇಕಾಗಿದ್ದ ಒಂದೇ ವಿಷಯದಲ್ಲಿ ಹಾಯಾಗಿದ್ದೆ.

ಒಂದು ಶನಿವಾರ ಓರಗಿತ್ತಿಯ ಫೋನ್ ಬಂತು.

“ಅಣ್ಣಾ, ಒಂದು ವಿಷಯ. ನಿಮ್ಮ ಅಕ್ಕ ಈಗ ಜಗಳವೇ ಮಾಡುದಿಲ್ಲ.”

“ಒಳ್ಳೆಯದಾಯಿತಲ್ಲ.”

“ಎಂತ ಒಳ್ಳೇದು ಮಾರಾಯ್ರೆ! ನಾನು ಬಸಳೆಗೆ ತೊಗರಿ ಹಾಕಿದೆ. ಏನೂ ಹೇಳಲಿಲ್ಲ. ಸುಮ್ಮನೆ ತಿಂದ್ರು. ಮೊದ್ಲಾದ್ರೆ ಪಾತ್ರೆ ಅಡಿಮೇಲು ಮಾಡ್ತಿದ್ರು. ಈಗ ಕಿಟಕಿ ಹತ್ರ ಕೂತ್ರೆ ಕೂತದ್ದೇ. ಕೈ ಮಡಿಲಲ್ಲಿ ಹೀಗೆ ಇಟ್ಕೊಂಡು. ಮನೆಯವ್ರು ಮೊನ್ನೆ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರು. ಏನೂ ಇಲ್ಲ ಅಂದ್ರಂತೆ. ನನಗೆ ಹೆದರಿಕೆ ಆಗ್ತದೆ ಅಣ್ಣ.”

ಕೈ ಮಡಿಲಲ್ಲಿ. ಭಾವ ಹೋದ ಮೊದಲ ತಿಂಗಳು ಅಕ್ಕ ಕೂತಿದ್ದದ್ದು ಹಾಗೆ.

ಮರುದಿನ ಭಾನುವಾರ. ಹಾರ್ಬರ್ ಲೈನಿನಲ್ಲಿ ಮೆಗಾ ಬ್ಲಾಕ್, ಹಳಿ ರಿಪೇರಿಗೆಂದು ಗಾಡಿಗಳೇ ಇಲ್ಲ. ಕುರ್ಲಾದಲ್ಲಿ ಇಳಿದು, ನನ್ನ ಹಾಗೆಯೇ ಶಪಿಸುತ್ತಿದ್ದ ನೂರಾರು ಜನರ ನಡುವೆ ರಿಕ್ಷಾಕ್ಕೆ ಜಗಳವಾಡಿ ಚೆಂಬೂರು ತಲುಪುವಾಗ ಹನ್ನೊಂದಾಗಿತ್ತು. ಅಕ್ಕ ಕಿಟಕಿಯ ಬಳಿಯಿದ್ದಳು. ನನ್ನನ್ನು ನೋಡಿ ಮೂಗು ಒರೆಸಿಕೊಂಡಳು. ಆಮೇಲೆ ಶುರುಮಾಡಿದಳು. ಎದುರಿನ ಬಿಲ್ಡಿಂಗಿನ ಹುಡುಗಿಯ ಮದುವೆ ಮುರಿದದ್ದು, ಕೊಡೆ ರಿಪೇರಿಯವನಿಗೆ ಸಕ್ಕರೆ ಕಾಯಿಲೆ, ಭಾವನ ಹಳೆ ಶರ್ಟಿನಲ್ಲಿ ಸಿಕ್ಕಿದ ಬಸ್ ಟಿಕೆಟ್. ಕೈಗಳು ನಿಲ್ಲುತ್ತಲೇ ಇರಲಿಲ್ಲ. ಓರಗಿತ್ತಿ ಬಾಗಿಲಲ್ಲಿ ನಿಂತು ಬಾಯಿ ತೆರೆದು ನೋಡುತ್ತಿದ್ದಳು.

ನಾನು ಕೇಳಿದೆ, ಇದನ್ನೆಲ್ಲ ಸಂಜೆ ಹೇಳಬಹುದಿತ್ತಲ್ಲ.

ಅಕ್ಕ ಟ್ಯಾಬಿನ ಕಡೆ ನೋಡಿದಳು. ಅವಳ ಉತ್ತರವನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: “ಅದರಲ್ಲಿ ನೀನು ಹೊಗೆ. ನಿನ್ನ ಕೈ ಎತ್ತಿದ ಕಡೆಯಲ್ಲೂ ಇರುತ್ತದೆ, ಇಳಿಸಿದ ಕಡೆಯಲ್ಲೂ ಇರುತ್ತದೆ. ಯಾವುದು ಹೊಸ ಮಾತು, ಯಾವುದು ಹಳೆಯದು? ನಾನು ಸ್ವಲ್ಪ ಬದಿಗೆ ಸರಿದರೆ ನಿನಗೆ ಮುಖವೇ ಇಲ್ಲ. ಏನು, ಏನು, ಏನು ಎಂದು ನಾನು ಎಷ್ಟು ಸಲ ಕೇಳಲಿ! ಅದಕ್ಕೆ ದೊಡ್ಡ ದೊಡ್ಡ ಮಾತಷ್ಟೇ ಆಡಿದೆ.”

ಊಟ. ಆರೋಗ್ಯ. ಮಲಗು. ಕಿರಾಣಿಯವರು, ಡಾಕ್ಟರು, ನೆಂಟರು ಅಕ್ಕನೊಡನೆ ಆಡುವುದು ಹಾಗೆ: ನಿಧಾನವಾಗಿ, ಕೈ ಅಗಲಿಸಿ, ಮೂರು ಮಾತು. ಅರವತ್ತು ವರ್ಷ ಅದನ್ನು ನೋಡಿ ನೋಡಿ ಬೇಸತ್ತವಳು ಈಗ ನನ್ನೊಡನೆಯೂ ಹಾಗೆಯೇ ಆಡಬೇಕಾಗಿತ್ತು. ಆ ಪರದೆಯ ಕಾಲದಲ್ಲಿ ಗುದ್ದಲು ಅವಳಿಗೆ ಏನೂ ಇರಲಿಲ್ಲ. ಅದನ್ನೇ ನಾನು ಟ್ಯಾಬಿನ ಗಟ್ಟಿತನವೆಂದು ಏಳು ವಾರ ಆಫೀಸಿನಲ್ಲಿ ಹೊಗಳಿಕೊಂಡು ತಿರುಗಿದ್ದೆ.

ಮೊದಲೇ ಏಕೆ ಹೇಳಲಿಲ್ಲ ಎಂದೆ.

“ಅಷ್ಟು ಖುಷಿಯಿಂದ ಅದರ ಮೇಲೆ ನಿಂತೆಯಲ್ಲ,” ಎಂದಳು.

ಊಟವಾದ ಕೂಡಲೇ ಅವಳನ್ನು ಕರೆದುಕೊಂಡು ಮಲಾಡಿನ ಅಂಗಡಿಗೆ ಹೊರಟೆ. ದಾದರಿನಲ್ಲಿ ಹತ್ತಿದ ಗಾಡಿಯಲ್ಲಿ ಅವಳಿಗೆ ಯಾರೋ ಪುಣ್ಯಾತ್ಮರು ಕಿಟಕಿಯ ಸೀಟು ಬಿಟ್ಟರು; ನಾನು ಬಾಗಿಲ ಬಳಿ ಕಂಬ ಹಿಡಿದು ನಿಂತೆ. ನಮ್ಮ ನಡುವೆ ಮೂವತ್ತು ತಲೆ. ಉಳಿದವರೆಲ್ಲ ಪಕ್ಕದವನಿಗೆ ಕೇಳಿಸಲು ಕಿರುಚುತ್ತಿದ್ದಾಗ ಅಕ್ಕ ಅಷ್ಟು ದೂರದಿಂದ ನನಗೆ ಆರಾಮಾಗಿ ಹೇಳಿದಳು: ನಿನ್ನ ಹಿಂದೆ ನಿಂತವನು ನಿನ್ನ ಬ್ಯಾಗಿನ ಮೇಲೆ ಗಲ್ಲವಿಟ್ಟು ನಿದ್ದೆಹೋಗಿದ್ದಾನೆ, ಅಲುಗಬೇಡ. ನನಗೆ ಉತ್ತರಿಸಲು ಬಿಡುವಾಗಿದ್ದದ್ದು ಒಂದೇ ಕೈ. ಸಂಕೋಚದಿಂದ ಅರ್ಧ ಎತ್ತಿದೆ.

ಅಂಗಡಿಯಲ್ಲಿ ಈ ಸಲ ಎಲ್ಲ ಹೇಳಿದೆ. ಅಂಗಡಿಯವರು ಅಕ್ಕನನ್ನು ನೋಡಿ ನನ್ನ ಕಡೆ ತಿರುಗಿದರು.

“ಅಲ್ರಿ ಸಾಹೇಬ್ರ, ಅಕ್ಕಾರಿಗೆ ಅಂದ್ರಿ. ಸೀರಿ ತಗೊಂಡ ಹೋದಂಗ ತಗೊಂಡ ಹೋದ್ರಿ. ನೋಡೂ ಕಣ್ಣು ಅವ್ರದು, ಆರಿಸಿದ್ದು ನೀವು. ಐಸಾ ಕರತೇ ಕ್ಯಾ? ಹಿಂಗ ಮಾಡ್ತಾರೇನ್ರಿ?”

ಐದು ಟ್ಯಾಬುಗಳನ್ನು ಕೌಂಟರಿನ ಮೇಲೆ ಸಾಲಾಗಿ ನಿಲ್ಲಿಸಿದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನನ್ನ ಫೋನು ತೋರಿಸಿ, ಹೊರಗೆ ಹೋಗು ಎಂದಳು. ಗಲ್ಲಿಯ ಆಚೆ ಬದಿಗೆ, ತರಕಾರಿಯವರ ಹತ್ತಿರ. ಫೋನನ್ನು ಎಲ್ಲಾದರೂ ನಿಲ್ಲಿಸು, ಎರಡು ಕೈಯಲ್ಲಿ ಮಾತಾಡು, ನಾನು ಒಂದೊಂದರಲ್ಲೂ ನೋಡುತ್ತೇನೆ.

ಏನು ಮಾತಾಡಲಿ?

“ಪೇಟದ ಕಥೆ,” ಎಂದಳು. “ಅದರಲ್ಲಿ ಹತ್ತು ಬೆರಳಿಗೂ ಕೆಲಸವಿದೆ.”

ಅಕ್ಕನ ಮದುವೆಯಲ್ಲಿ ಭಾವನ ಪೇಟ ಫ್ಯಾನಿನ ಗಾಳಿಗೆ ಹಾರಿ, ಊಟದ ಪಂಕ್ತಿಯ ಮೇಲೆ ತೇಲಿ, ಬಡಿಸುವವನ ಕೈಯಲ್ಲಿದ್ದ ಪಾಯಸದ ಬಕೆಟ್ಟಿಗೆ ಬಿದ್ದ ಕಥೆ ಅದು. ಹೇಳುವಾಗ ಫ್ಯಾನಾಗಬೇಕು, ಪೇಟವಾಗಬೇಕು, ಬಡಿಸುವವನಾಗಬೇಕು, ಕೊನೆಗೆ ಭಾವನ ಮೀಸೆಯ ತುದಿ ಬೇಸರದಲ್ಲಿ ಇಳಿಯುವುದನ್ನು ಎರಡು ಕಿರುಬೆರಳಲ್ಲಿ ತೋರಿಸಬೇಕು.

ನಾನು ಆಚೆ ಬದಿಗೆ ಹೋದೆ. ಎಲೆಕೋಸಿನ ಗಾಡಿಯವಳ ಅನುಮತಿ ಪಡೆದು ಎರಡು ಎಲೆಕೋಸುಗಳ ನಡುವೆ ಫೋನು ನಿಲ್ಲಿಸಿದೆ. ಭಾನುವಾರದ ಮಲಾಡ್ ಮಾರ್ಕೆಟ್. ನನ್ನ ಆಫೀಸಿನ ಅರ್ಧ ಜನ ತರಕಾರಿ ಕೊಳ್ಳುವುದು ಅಲ್ಲೇ. ಕೈಗಳು ತಾವಾಗಿಯೇ ಜೇಬಿಗೆ ಹೋದವು. ಎದುರು ಬದಿಯಿಂದ ಅಕ್ಕ ಅಂಗಡಿಯ ಮೆಟ್ಟಿಲನ್ನು ಕಾಲಿನಿಂದ ಗುದ್ದಿದ ಸದ್ದು ಇಷ್ಟು ದೂರ ಕೇಳಿತು.

ಶುರುಮಾಡಿದೆ. ಮೊದಲು ಸಣ್ಣದಾಗಿ, ಎದೆಯ ಮುಂದೆ. ಫೋನಿನಲ್ಲಿ ಅಕ್ಕ ಕಾಣಿಸಿ, ದೊಡ್ಡದಾಗಿ, ಬೇಗ ಬೇಗ ಎಂದಳು. ಫ್ಯಾನು ತಿರುಗಿತು. ಪೇಟ ಹಾರಿತು. ಒಬ್ಬ ಮುದುಕರು ನಿಂತರು. ಬಡಿಸುವವನು ಬಂದ. ಇನ್ನಿಬ್ಬರು ನಿಂತರು.

“ಕಾಯ್ ಝಾಲಂ ಯಾಂನಾ?” ಎಂದು ಯಾರೋ ಎಲೆಕೋಸಿನವಳನ್ನು ಕೇಳಿದರು, ಇವರಿಗೆ ಏನಾಯಿತು ಎಂದು.

“ಕಾಯ್ ಮಾಹೀತ್. ರೀಲ್ ಬನವತಾಯತ್,” ಎಂದಳು ಅವಳು. ಗೊತ್ತಿಲ್ಲ, ರೀಲ್ ಮಾಡುತ್ತಿದ್ದಾರೆ.

ಕಥೆ ಮುಗಿಯಿತು. ಅಕ್ಕ ಇನ್ನೊಂದು ಸಲ ಎಂದಳು, ಎರಡನೆಯ ಟ್ಯಾಬ್. ಆಮೇಲೆ ಇನ್ನೊಂದು ಸಲ. ಐದು ಸಲ ಭಾವನ ಪೇಟ ಹಾರಿಸಿದೆ. ಮೂರನೆಯ ಸಲದ ಹೊತ್ತಿಗೆ ನನ್ನ ವಿಭಾಗದ ಒಬ್ಬರು ಕೊತ್ತಂಬರಿ ಕಟ್ಟು ಹಿಡಿದು ನಿಂತು ನೋಡುತ್ತಿದ್ದದ್ದು ಕಂಡಿತು. ಬಕೆಟ್ಟಿಗೆ ಅರ್ಧ ಇಳಿದ ಪೇಟವನ್ನು ಅಲ್ಲೇ ಬಿಡುವ ಹಾಗಿರಲಿಲ್ಲ. ಮುಂದುವರಿಸಿದೆ. ಭುಜ ಸೋತಿತು, ಬೆವರು ಕಣ್ಣಿಗಿಳಿಯಿತು. ಐದನೆಯ ಸಲ ನಾಚಿಕೆ ಪಡುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಅಂಗಡಿಗೆ ಬಂದಾಗ ಅಂಗಡಿಯವರು ಕಣ್ಣು ಒರೆಸಿಕೊಂಡು ನಗುತ್ತಿದ್ದರು. ಬಕೆಟ್ಟು ಯಾವುದು, ಪೇಟ ಯಾವುದು ಎಂದು ಅವರಿಗೆ ಎರಡನೆಯ ಟ್ಯಾಬಿನಲ್ಲೇ ಗೊತ್ತಾಗಿತ್ತಂತೆ.

“ಅಕ್ಕಾರು ಆರಿಸ್ಯಾರ್ರಿ,” ಎಂದರು. “ಈ ದುಬಾರಿದು, ಗಿಳಿ ಇದ್ದಿದ್ದು, ನಾನು ಇದ ಹಿಡಸ್ತೈತಿ ಅಂದಿದ್ದೆ. ನಕ್ಕೋ, ಬ್ಯಾಡ ಅಂದ್ರು.”

ಅಕ್ಕ ಕಾರಣ ಹೇಳಿದಳು. ಅದರ ಗಾಜು ಕನ್ನಡಿಯ ಹಾಗಿದೆ, ಮೇಲಿನ ಟ್ಯೂಬ್‌ಲೈಟು ಅದರಲ್ಲಿ ಮೂಡುತ್ತದೆ. ನಿನಗಿಂತ ಹೆಚ್ಚು ನಾನೇ ಕಾಣುತ್ತೇನೆ. ನನ್ನನ್ನು ನೋಡಿ ನಾನೇನು ಮಾಡಲಿ?

“ಮೂರನೇದ್ರಾಗ ನಕ್ಕರು,” ಎಂದರು ಅಂಗಡಿಯವರು. “ಈ ನಾಕನೇದ್ರಾಗ ನಗಲಿಲ್ಲ. ನೀವು ಕಡೀಗೆ ಸಣ್ಣ ಬೆರಳು ಹಿಂಗ ಇಳಸ್ತೀರಲ್ಲ, ಮೀಸಿದು, ಅದನ್ನ ನೋಡಿ ಸುಮ್ಮನ ನಿಂತ್ರು. ಆಮ್ಯಾಗ ಅದನ್ನ ಎತ್ತಿ ತಮ್ಮ ಕಡೆ ಇಟಕೊಂಡ್ರು. ಐದನೇದು ಸುಮ್ಮ ಮರ್ಯಾದಿಗೆ ನೋಡಿದ್ರು.”

ನಾಲ್ಕನೆಯದು ನಡುವಿನ ದರ್ಜೆಯದು. ಬಣ್ಣ ಅಂಥ ಮೆರುಗಿನದಲ್ಲ, ಆದರೆ ಬೆರಳು ಬೆರಳಾಗಿ ಕಾಣುತ್ತಿತ್ತು, ಬದಿಯಿಂದ ನೋಡಿದರೂ ಮಸುಕಾಗುತ್ತಿರಲಿಲ್ಲ. ಮತ್ತು ಕೈಯಲ್ಲಿ ಹಿಡಿದರೆ ಮುರಿಯುತ್ತದೇನೋ ಎನ್ನುವಷ್ಟು ತೆಳ್ಳಗಿತ್ತು. ನಾನು ಮೇಲಿಂದ ದಪ್ಪ ಗಾಜು ಅಂಟಿಸಲು ಹೇಳಿದೆ. ಅಂಗಡಿಯವರು ಒಂದು ತುಂಡು ಇಟ್ಟು ತೋರಿಸಿದರು. ಅಕ್ಕ ಇಣುಕಿ ನೋಡಿ ತೆಗೆಸಿದಳು. ಹಿಂದಿನಿಂದ ರಬ್ಬರಿನ ಕವಚಕ್ಕೆ ಮಾತ್ರ ಒಪ್ಪಿದಳು.

“ಅಕ್ಕಾರಿಗೆ ಹೇಳ್ರಿ,” ಎಂದರು ಅಂಗಡಿಯವರು. “ಮೇಜು ಒಂದು ಗುದ್ದಬ್ಯಾಡ್ರಿ ಅಂತ.”

ಹೇಳಿದೆ. ಅಕ್ಕ ಅವರ ಕಡೆ ತಿರುಗಿ, ತಾನು ಯಾವಾಗ ಮೇಜು ಗುದ್ದಿದ್ದೇನೆ ಎಂದು ಕೌಂಟರ್ ಗುದ್ದಿದಳು. ಐದೂ ಟ್ಯಾಬುಗಳು ಒಟ್ಟಿಗೆ ಅದುರಿದವು. ಅಂಗಡಿಯವರು ಎರಡು ತೋಳು ಚಾಚಿ ಕೋಳಿಮರಿಗಳ ಮೇಲೆ ಬಾಗಿದವರಂತೆ ಬಾಗಿದರು. “ಯಾ ಅಲ್ಲಾ! ತಗೊಂಡ ಹೋಗ್ರಿ ಸಾಹೇಬ್ರ, ಜಲ್ದಿ ತಗೊಂಡ ಹೋಗ್ರಿ!”

ರಬ್ಬರಿನದನ್ನು ಓರಗಿತ್ತಿ ಅಡುಗೆಯ ವಿಡಿಯೋ ನೋಡಲು ಇಟ್ಟುಕೊಂಡಿದ್ದಾಳೆ. ಅದರಲ್ಲಿ ಹೋಳಿಗೆ ಯಾವುದು, ಚಪಾತಿ ಯಾವುದು ಎಂದು ಗೊತ್ತಾಗುವುದಿಲ್ಲವಂತೆ.

ಮರುದಿನ, ಸೋಮವಾರ, ಏಳೂವರೆಗೆ ಕರೆ ಮಾಡಿದೆ. ಆಫೀಸಿನಲ್ಲಿ ಕೆಟ್ಟ ದಿನ. ಬೆಳಿಗ್ಗೆಯಿಂದ ಮೂರು ಜನ ಬಂದು, ಸರ್, ನಿಮಗೆ ಡ್ಯಾನ್ಸ್ ಬರುವುದು ಗೊತ್ತೇ ಇರಲಿಲ್ಲ ಎಂದು ಹೋಗಿದ್ದರು. ಎರಡು ಮಾತಾಡಿ ಮಲಗೋಣವೆಂದಿದ್ದೆ. ಅಕ್ಕ ಪರದೆಗೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದಳು.

“ಕಣ್ಣ ಕೆಳಗೆ ಏನದು ಚೀಲ? ಕಿವಿಯ ಹತ್ತಿರ ಎಲ್ಲ ಬೆಳ್ಳಗಾಗಿದೆ. ಹಳೆಯ ಹಲಗೆಯಲ್ಲಿ ನೀನು ಎಷ್ಟೋ ವಾಸಿ ಇದ್ದೆ.”

ಸ್ವಲ್ಪ ಆಯಾಸ ಎಂದೆ. ನಮ್ಮ ಕೈಮಾತಿನಲ್ಲಿ ಆಯಾಸವೆಂದರೆ ತಲೆಯಿಂದ ಹೊರೆ ಇಳಿಸುವುದು.

“ಅದು ಸ್ವಲ್ಪದ ಹೊರೆ ಅಲ್ಲ. ಕೈ ನೋಡಿದರೆ ಗೊತ್ತಾಗುವುದಿಲ್ಲವಾ?” ಎಂದಳು. ಊಟ ಸರಿಯಿಲ್ಲ, ನಿದ್ದೆ ಸರಿಯಿಲ್ಲ, ಕನ್ನಡಕಕ್ಕೆ ನಿನ್ನ ಮೇಲೆ ಗಮನವಿಲ್ಲ, ಇದ್ದರೂ ನೀನು ಮಾತು ಕೇಳುವವನಲ್ಲ ಎಂದು ಒಂದಾದ ಮೇಲೊಂದು ಬೈದಳು. ಒಂದೊಂದು ಬೆರಳೂ ಸ್ಪಷ್ಟವಾಗಿತ್ತು. ನಾನು ಒಂದು ಮಾತಿಗೆ ಎದುರಾಡಿದೆ. ಮೇಜು ಅದುರಿತು, ಟ್ಯಾಬ್ ವಾಲಿತು, ಓರಗಿತ್ತಿಯ ಕೈ ಎಲ್ಲಿಂದಲೋ ಬಂದು ಹಿಡಿದು ನೆಟ್ಟಗೆ ನಿಲ್ಲಿಸಿ ಮಾಯವಾಯಿತು.

ಬೈಗುಳ ಮುಗಿದ ಮೇಲೆ ಅಕ್ಕ ಕುರ್ಚಿ ಮುಂದಕ್ಕೆಳೆದು ಕೂತಳು. ಏಳು ವಾರ ಹೇಳದೆ ಉಳಿದದ್ದು ಬಹಳ ಇದೆ, ನಿನ್ನೆ ಹೇಳಿದ್ದು ಮೇಲುಮೇಲಿನದು, ಈಗ ಮೊದಲಿನಿಂದ ಹೇಳುತ್ತೇನೆ ಎಂದಳು. ನಾನು ರಬ್ಬರಿನ ಟ್ಯಾಬ್ ಕೊಟ್ಟುಹೋದ ದಿನದ ಸಂಜೆಯಿಂದ ಶುರುವಾಯಿತು. ಹೆಂಡತಿ ಅನ್ನ, ಹುಳಿ ಬಡಿಸಿ ತಟ್ಟೆ ತಂದು ಮುಂದಿಟ್ಟಳು. ಒಂದು ಕೈಯಲ್ಲಿ ಊಟ, ಒಂದು ಕೈಯಲ್ಲಿ ಮಾತು ಮಾಡಲು ನೋಡಿದೆ. ಅರ್ಧ ಬಾಯಲ್ಲಿ ಮಾತಾಡಬೇಡ ಎಂದಳು ಅಕ್ಕ. ಕೈ ತೊಳೆದುಕೊಂಡು ಬಂದು ಕೂತೆ.

“ತಣ್ಣಗಾಗ್ತದೆ,” ಎಂದಳು ಹೆಂಡತಿ. ಕಾದಳು. ಬಿಸಿ ಮಾಡಲು ಒಯ್ದಳು, ಮತ್ತೆ ತಂದಳು. “ಇನ್ನೂ ಎಷ್ಟು ಹೊತ್ತಂತೆ?”

ಅಕ್ಕನನ್ನು ಕೇಳಿದೆ. ಅವಳು ಎರಡು ಬೆರಳು ಎತ್ತಿದಳು. ಎರಡು ನಿಮಿಷವೆಂದುಕೊಂಡು ಹೆಂಡತಿ ಹಪ್ಪಳ ಕರಿಯಲು ಹೋದಳು. ನಾನು ಅವಳನ್ನು ತಡೆಯಲಿಲ್ಲ. ಅಕ್ಕ ಬಂದಿದ್ದದ್ದು ಇನ್ನೂ ಎರಡನೆಯ ವಾರಕ್ಕೆ.